ಪದವಿ ತರಗತಿಯ ಮನೋವಿಜ್ಞಾನ: ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ

1. ವಿಷಯ ಮತ್ತು ಅದರ ವ್ಯಾಪ್ತಿ

ಮನುಷ್ಯನ ಅನುಭವವನ್ನೂ ನಡವಳಿಕೆಯನ್ನೂ ವೈಜ್ಞಾನಿಕ ಕ್ರಮದಲ್ಲಿ ಅಭ್ಯಾಸ ಮಾಡುವ ಶಾಸ್ತ್ರ ಮನೋವಿಜ್ಞಾನ. ನೋಡುವುದು, ನೆನಪಿಡುವುದು, ಮರೆಯುವುದು, ಕಲಿಯುವುದು, ಹೆದರುವುದು, ಒಬ್ಬನೇ ಇದ್ದಾಗ ಒಂದು ರೀತಿ, ಗುಂಪಿನಲ್ಲಿದ್ದಾಗ ಇನ್ನೊಂದು ರೀತಿ ನಡೆದುಕೊಳ್ಳುವುದು ಇವೆಲ್ಲ ಅದರ ವಿಷಯಗಳು. ಹಳೆಯ ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಮನಶ್ಶಾಸ್ತ್ರ ಎಂಬ ಹೆಸರಿದೆ. ಕರ್ನಾಟಕದಲ್ಲಿ ಪಿಯುಸಿ ಕಲಾ ವಿಭಾಗದಲ್ಲಿ ಇದೊಂದು ಐಚ್ಛಿಕ ವಿಷಯ. ಪದವಿಯಲ್ಲಿ ಇತರ ವಿಷಯಗಳ ಜೊತೆ ಸೇರಿಸಿ ಇದನ್ನು ಓದುವ ಅವಕಾಶವಿದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೊರಟೋ, ಅಲ್ಲಿಯ ಹಾಸ್ಟೆಲಿನಲ್ಲಿ ಉಳಿದೋ ಓದುವ ವಿದ್ಯಾರ್ಥಿಗಳು ಈ ವಿಷಯ ತೆಗೆದುಕೊಂಡರೆ ಮನೆಯಲ್ಲಿ ಎರಡು ಪ್ರಶ್ನೆ ಬರುವುದು ಸಹಜ. ‘ಮುಖ ನೋಡಿ ಮನಸ್ಸಲ್ಲಿರೋದು ಹೇಳ್ತಾರಾ?’ ಎಂಬುದು ಒಂದು. ‘ತಲೆ ಕೆಟ್ಟವರನ್ನು ವಾಸಿ ಮಾಡೋ ಓದಾ ಇದು?’ ಎಂಬುದು ಇನ್ನೊಂದು. ಪದವಿ ಪಠ್ಯದಲ್ಲಿ ಮನಸ್ಸು ಓದುವ ವಿದ್ಯೆಯೂ ಇಲ್ಲ, ಚಿಕಿತ್ಸೆ ಮಾಡುವ ಅಧಿಕಾರವೂ ಇಲ್ಲ. ಮನುಷ್ಯರ ಬಗ್ಗೆ ಯಾರು ಏನೇ ಹೇಳಿದರೂ, ಅದನ್ನು ಪರೀಕ್ಷೆಗೆ ಒಡ್ಡಿ, ನಿಂತಷ್ಟನ್ನು ಮಾತ್ರ ಒಪ್ಪುವ ಅಭ್ಯಾಸವನ್ನು ಈ ಪಠ್ಯ ಕಲಿಸುತ್ತದೆ. ಪಠ್ಯದ ಒಂದೊಂದು ಭಾಗವೂ ಆ ಅಭ್ಯಾಸಕ್ಕೆ ಹೇಗೆ ನೆರವಾಗುತ್ತದೆ, ಈ ನಾಲ್ಕು ತಾಲ್ಲೂಕುಗಳ ಬದುಕು ಅದಕ್ಕೆ ಎಂಥ ಸಾಮಗ್ರಿ ಒದಗಿಸುತ್ತದೆ ಎಂಬುದನ್ನು ಮುಂದಿನ ಭಾಗಗಳು ಕ್ರಮವಾಗಿ ವಿವರಿಸುತ್ತವೆ.

2. ಮೈಸೂರಿನಲ್ಲಿ ವಿಷಯ ಬೇರೂರಿದ ಬಗೆ

ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ತೆರೆದ ಪ್ರಯೋಗಶಾಲೆಯಿಂದ ಆಧುನಿಕ ಮನೋವಿಜ್ಞಾನದ ಇತಿಹಾಸವನ್ನು ಎಣಿಸುವುದು ರೂಢಿ. ಭಾರತದಲ್ಲಿ ಮೊದಲ ವಿಭಾಗ ಕಲ್ಕತ್ತೆಯಲ್ಲಿ 1916ರಲ್ಲಿ ಆರಂಭವಾಯಿತು. ಅದೇ ವರ್ಷ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಆಗ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ತತ್ತ್ವಶಾಸ್ತ್ರಜ್ಞರು. ಕಲ್ಕತ್ತೆ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು 1905ರಲ್ಲೇ ರೂಪಿಸಿಕೊಟ್ಟವರೂ ಅವರೇ.

ಮೈಸೂರಿನ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದ ಅವರು ಪಾಶ್ಚಾತ್ಯ ಬುದ್ಧಿ ಪರೀಕ್ಷೆಗಳನ್ನು ಇಲ್ಲಿಯ ಪರಿಸ್ಥಿತಿಗೆ ಹೊಂದಿಸುವ ಕೆಲಸ ಮಾಡಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಅವರೇ. ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಹೀಗೆ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಮನೋವಿಜ್ಞಾನ ದೂರದೇಶದಿಂದ ನಿನ್ನೆ ಮೊನ್ನೆ ಬಂದ ವಿಷಯವಲ್ಲ. ಅವರ ಜಿಲ್ಲಾ ಕೇಂದ್ರದಲ್ಲಿ ಅದಕ್ಕೆ ನೂರು ವರ್ಷ ತುಂಬಿದೆ.

3. ಪಠ್ಯದ ಕ್ರಮ

ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ಮೂರು ವರ್ಷದ ಪದವಿಯೇ ಮತ್ತೆ ಜಾರಿಗೆ ಬಂದಿದೆ. ಪತ್ರಿಕೆಗಳ ಹೆಸರೂ ಹಂಚಿಕೆಯೂ ಆಗಾಗ ಬದಲಾದರೂ ಒಳಗಿನ ಕ್ರಮ ಹೆಚ್ಚು ಕಡಿಮೆ ಒಂದೇ.

ಮೊದಲ ವರ್ಷ ಸಾಮಾನ್ಯ ಮನೋವಿಜ್ಞಾನಕ್ಕೆ ಮೀಸಲು. ಮೆದುಳು ಮತ್ತು ನರಮಂಡಲ, ಸಂವೇದನೆ, ಗ್ರಹಿಕೆ, ಅವಧಾನ, ಕಲಿಕೆ, ಸ್ಮೃತಿ, ಅಭಿಪ್ರೇರಣೆ, ಬುದ್ಧಿಶಕ್ತಿ, ವ್ಯಕ್ತಿತ್ವ ಇದರ ಅಧ್ಯಾಯಗಳು. ಪಾವ್ಲೋವ್, ಎಬ್ಬಿಂಗ್‌ಹಾಸ್, ಸ್ಕಿನ್ನರ್, ಫ್ರಾಯ್ಡ್ ಮೊದಲಾದ ಹೆಸರುಗಳ ಪರಿಚಯ ಇಲ್ಲಿ ಆಗುತ್ತದೆ. ಎರಡನೆಯ ಹಂತದಲ್ಲಿ ಬೆಳವಣಿಗೆಯ ಮನೋವಿಜ್ಞಾನ ಮತ್ತು ಸಾಮಾಜಿಕ ಮನೋವಿಜ್ಞಾನ ಬರುತ್ತವೆ. ಕೊನೆಯ ಹಂತದಲ್ಲಿ ಅಪಸಾಮಾನ್ಯ ಮನೋವಿಜ್ಞಾನ, ಸಮಾಲೋಚನೆ, ಆರೋಗ್ಯ ಮತ್ತು ಕೈಗಾರಿಕಾ ಮನೋವಿಜ್ಞಾನದಂಥ ಅನ್ವಯಿಕ ಶಾಖೆಗಳಿರುತ್ತವೆ. ಇವುಗಳ ಜೊತೆಗೆ ಪ್ರಾಯೋಗಿಕ ತರಗತಿ ಮತ್ತು ಸಂಖ್ಯಾಶಾಸ್ತ್ರ ಸಾಗುತ್ತವೆ.

ಬೆಳವಣಿಗೆಯ ಅಧ್ಯಾಯದಿಂದ ಒಂದು ಉದಾಹರಣೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಆಲೋಚನೆಯನ್ನು ತಿಳಿಯಲು ಬಳಸಿದ ಪ್ರಯೋಗವನ್ನು ರಾಗಿಯಿಂದಲೂ ಮಾಡಬಹುದು. ಒಂದೇ ಅಳತೆಯ ಎರಡು ಲೋಟದಲ್ಲಿ ಸಮನಾಗಿ ರಾಗಿ ತುಂಬಿ ಐದು ವರ್ಷದ ಮಗುವಿಗೆ ತೋರಿಸಬೇಕು. ‘ಎರಡರಲ್ಲೂ ಅಷ್ಟಷ್ಟೇ’ ಎಂದು ಮಗು ಒಪ್ಪಿದ ಮೇಲೆ, ಒಂದು ಲೋಟದ ರಾಗಿಯನ್ನು ಅದರ ಕಣ್ಣೆದುರೇ ಎತ್ತರದ ಕಿರಿದಾದ ಪಾತ್ರೆಗೆ ಸುರಿಯಬೇಕು. ಈಗ ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿದರೆ ಆ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಎತ್ತರದ ಪಾತ್ರೆಯತ್ತ ಬೆರಳು ತೋರಿಸುತ್ತಾರೆ. ಏಳೆಂಟು ವರ್ಷದ ಹೊತ್ತಿಗೆ, ಸುರಿದ ಮಾತ್ರಕ್ಕೆ ಕಾಳು ಹೆಚ್ಚಾಗುವುದಿಲ್ಲ ಎಂಬ ತಿಳಿವು ಮೂಡುತ್ತದೆ. ಪರಿಮಾಣದ ಸ್ಥಿರತೆಯ ಅರಿವು ಎಂದರೆ ಇದೇ.

ಪ್ರಯೋಗ ಇಷ್ಟಕ್ಕೆ ಮುಗಿಯುವುದಿಲ್ಲ. ಮೆಕ್ಸಿಕೋದಲ್ಲಿ ನಡೆದು 1969ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಣ್ಣು ಮಿದ್ದು ಬೆಳೆದ ಕುಂಬಾರರ ಮಕ್ಕಳಲ್ಲಿ ಜೇಡಿಮಣ್ಣಿನ ಪರಿಮಾಣ ಕುರಿತ ಈ ಅರಿವು ಇತರ ಮಕ್ಕಳಿಗಿಂತ ಮುಂದಿರುವುದು ಕಂಡಿತು. ಹಾಗಾದರೆ ಸೇರು ಪಾವುಗಳಲ್ಲಿ ಕಾಳು ಅಳೆಯುವುದನ್ನು ದಿನಾ ನೋಡುವ ಮಗುವಿನ ಉತ್ತರ ಬೇರೆ ಇದ್ದೀತೇ? ಪುಸ್ತಕದ ಮಾತನ್ನು ಊರಿನ ಮಗುವಿನೆದುರು ಇಟ್ಟು ನೋಡುವಾಗ ಹುಟ್ಟುವ ಇಂಥ ಪ್ರಶ್ನೆಯೇ ಅಧ್ಯಾಯದ ನಿಜವಾದ ಫಲ.

4. ಪ್ರಯೋಗಶಾಲೆ ಮತ್ತು ರೆಕಾರ್ಡ್

ಕಲಾ ವಿಭಾಗದ ಬಹುಪಾಲು ವಿಷಯಗಳಲ್ಲಿ ಇಲ್ಲದ, ಮನೋವಿಜ್ಞಾನದಲ್ಲಿ ಇರುವ ಒಂದು ಅಂಗ ಪ್ರಯೋಗಶಾಲೆ. ಇಬ್ಬಿಬ್ಬರು ವಿದ್ಯಾರ್ಥಿಗಳು ಎದುರುಬದುರು ಕೂರುತ್ತಾರೆ. ಒಬ್ಬರು ಪ್ರಯೋಗಕಾರರು, ಇನ್ನೊಬ್ಬರು ಪ್ರಯೋಗಕ್ಕೆ ಒಳಪಡುವವರು. ಪ್ರತಿ ಪ್ರಯೋಗವನ್ನೂ ಉದ್ದೇಶ, ಸಾಮಗ್ರಿ, ವಿಧಾನ, ಸೂಚನೆ, ಮುನ್ನೆಚ್ಚರಿಕೆ, ಫಲಿತಾಂಶ, ಚರ್ಚೆ, ತೀರ್ಮಾನ ಎಂಬ ಕ್ರಮದಲ್ಲಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಪ್ರಯೋಗಕ್ಕೆ ಒಳಪಟ್ಟವರು ತಮಗೇನು ಅನಿಸಿತು ಎಂದು ಹೇಳುವ ಅಂತರವಲೋಕನ ವರದಿಯೂ ಅದರಲ್ಲಿ ಸೇರುತ್ತದೆ.

ಕನ್ನಡಿ ಚಿತ್ರಣದ ಪ್ರಯೋಗ ಇವುಗಳಲ್ಲಿ ಬಹಳ ಪರಿಚಿತ. ಹಲಗೆಯ ಮೇಲೆ ಎರಡು ಗೆರೆಗಳಲ್ಲಿ ಬರೆದ ನಕ್ಷತ್ರದ ಚಿತ್ರವಿರುತ್ತದೆ. ಕೈಯೂ ಚಿತ್ರವೂ ನೇರವಾಗಿ ಕಾಣದಂತೆ ಒಂದು ತಡೆ, ಎದುರಿಗೆ ಒಂದು ಕನ್ನಡಿ. ಕನ್ನಡಿಯನ್ನು ಮಾತ್ರ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಬೇಕು. ಮೇಲಕ್ಕೆ ಎಳೆಯಲು ಹೋದ ಕೈ ಕೆಳಕ್ಕೆ ಹೋಗುತ್ತದೆ. ಮೂಲೆ ಬಂದಾಗ ಪೆನ್ಸಿಲ್ ನಿಂತಲ್ಲೇ ತಡವರಿಸುತ್ತದೆ. ಗೆರೆ ದಾಟಿದ್ದೆಲ್ಲ ತಪ್ಪಿನ ಲೆಕ್ಕಕ್ಕೆ. ಮೊದಲು ಎಡಗೈಯಲ್ಲಿ ಒಂದು ಬಾರಿ, ಆಮೇಲೆ ಬಲಗೈಯಲ್ಲಿ ಹತ್ತು ಬಾರಿ, ಕೊನೆಗೆ ಮತ್ತೆ ಎಡಗೈಯಲ್ಲಿ ಒಂದು ಬಾರಿ ಮಾಡಿಸುವುದು ವಾಡಿಕೆ.

ಮೊದಲ ಎಡಗೈ ಪ್ರಯತ್ನಕ್ಕೆ 180 ಸೆಕೆಂಡು, ಕೊನೆಯದಕ್ಕೆ 108 ಸೆಕೆಂಡು ಹಿಡಿಯಿತು ಎಂದಿಟ್ಟುಕೊಳ್ಳೋಣ. ಉಳಿದದ್ದು 72 ಸೆಕೆಂಡು, ಅಂದರೆ ಶೇ. 40. ಅಭ್ಯಾಸ ಮಾಡಿದ್ದು ಬಲಗೈ, ಸುಧಾರಿಸಿದ್ದು ಎಡಗೈ. ಒಂದು ಕೈಯ ಕಲಿಕೆ ಇನ್ನೊಂದು ಕೈಗೆ ದಾಟಿದೆ ಎಂದು ಇದನ್ನು ವಿವರಿಸುತ್ತಾರೆ. ಒಳ್ಳೆಯ ಅಧ್ಯಾಪಕರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ಬಲಗೈಗೆ ಅಭ್ಯಾಸವನ್ನೇ ಕೊಡದೆ ಅಷ್ಟು ಹೊತ್ತು ಸುಮ್ಮನೆ ಕೂರಿಸಿ ಮತ್ತೆ ಎಡಗೈಯಲ್ಲಿ ಮಾಡಿಸಿದ್ದರೆ ಎಷ್ಟು ಉಳಿಯುತ್ತಿತ್ತು? ಮೊದಲ ಪ್ರಯತ್ನದ ಅನುಭವವೇ ಎಡಗೈಗೆ ಸಾಕಾಗಿರಬಹುದಲ್ಲ. ಆ ಅನುಮಾನ ಬಗೆಹರಿಯಬೇಕಾದರೆ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ನಿಯಂತ್ರಿತ ಗುಂಪು ಎಂಬ ಪಾರಿಭಾಷಿಕ ಪದದ ಅರ್ಥ ವಿದ್ಯಾರ್ಥಿಗೆ ಮನದಟ್ಟಾಗುವುದು ಆಗಲೇ. ಔಷಧಿಯಿಂದ ಜ್ವರ ಬಿಟ್ಟಿತೋ ತಾನಾಗಿ ಬಿಟ್ಟಿತೋ, ತಾಯಿತ ಕಟ್ಟಿದ್ದರಿಂದ ಮಗು ಅಳು ನಿಲ್ಲಿಸಿತೋ ಹೊತ್ತು ಕಳೆದದ್ದರಿಂದಲೋ ಎಂಬ ಪ್ರಶ್ನೆಗಳನ್ನು ಬಿಡಿಸುವ ದಾರಿಯೂ ಅದೇ.

ಇನ್ನೊಂದು ಪ್ರಯೋಗ ಮ್ಯೂಲರ್-ಲಯರ್ ಭ್ರಮೆ. ಸಮ ಉದ್ದದ ಎರಡು ಗೆರೆಗಳಲ್ಲಿ ಒಂದರ ತುದಿಗಳಿಗೆ ಬಾಣದಂತೆ ಒಳಮುಖವಾಗಿ, ಇನ್ನೊಂದಕ್ಕೆ ಗರಿಯಂತೆ ಹೊರಮುಖವಾಗಿ ಚಿಕ್ಕ ಗೆರೆ ಸೇರಿಸಿದರೆ ಎರಡನೆಯದು ಉದ್ದವಾಗಿ ಕಾಣುತ್ತದೆ. ಹೆಗ್ಗಡದೇವನಕೋಟೆಯ ಕಾಡಿನಿಂದ ಬಹಳ ದೂರವಿಲ್ಲದ ನೀಲಗಿರಿಯಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಅಲ್ಲಿಯ ತೋಡ ಬುಡಕಟ್ಟಿನವರ ಮೇಲೆ ಇದನ್ನು ನಡೆಸಿ 1905ರಲ್ಲಿ ಪ್ರಕಟಿಸಿದರು. ಇಂಗ್ಲಿಷರಿಗಿಂತ ತೋಡರು ಈ ಭ್ರಮೆಗೆ ಕಡಿಮೆ ಒಳಗಾದರು. 1966ರಲ್ಲಿ ಸೀಗಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ ಹಲವು ದೇಶಗಳಲ್ಲಿ ಇಂಥ ವ್ಯತ್ಯಾಸಗಳನ್ನು ಕಂಡು, ಮೂಲೆ ಮಟ್ಟದ ಕಟ್ಟಡಗಳ ನಡುವೆ ಬೆಳೆದ ಕಣ್ಣು ಗೆರೆಗಳನ್ನು ಓದುವ ರೀತಿಯೇ ಬೇರೆ ಎಂದು ವಾದಿಸಿದರು. ಬೇರೆ ವಿವರಣೆಗಳೂ ಇವೆ. ಕಣ್ಣು ನೋಡುವುದು ಎಲ್ಲರಲ್ಲೂ ಒಂದೇ ರೀತಿ ಎಂಬ ನಂಬಿಕೆಯನ್ನು ಹೀಗೆ ಒಂದು ಸಣ್ಣ ಹಲಗೆ ಪ್ರಶ್ನಿಸುತ್ತದೆ.

5. ಸಂಖ್ಯೆಗಳನ್ನು ಓದುವ ವಿದ್ಯೆ

ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಸಹಸಂಬಂಧ ಎಂಬ ನಾಲ್ಕು ಪದಗಳಿಗೆ ಹೆದರಿ ಈ ವಿಷಯ ಬಿಡುವವರಿದ್ದಾರೆ. ಹಿಡಿದು ಕಲಿತವರಿಗೆ ಪತ್ರಿಕೆಯಲ್ಲಿ ಬರುವ ಅಂಕಿಅಂಶಗಳನ್ನು ತೂಗಿ ನೋಡುವ ಶಕ್ತಿ ಬರುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಮೀಕ್ಷೆಯ ಹೊತ್ತಿಗೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹಾಗಾದರೆ ಹುಣಸೂರು ತಾಲ್ಲೂಕಿನಲ್ಲೂ ನೂರಕ್ಕೆ ಹತ್ತು ಮಂದಿ ಎನ್ನಬಹುದೇ? ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಅವುಗಳಲ್ಲಿ ಕರ್ನಾಟಕ ಇರಲಿಲ್ಲ. ಆದ್ದರಿಂದ ಆ ಸಂಖ್ಯೆಯನ್ನು ಒಂದು ತಾಲ್ಲೂಕಿಗೆ ನೇರವಾಗಿ ಹೊಂದಿಸಲಾಗದು. ಎಲ್ಲಿ, ಯಾರನ್ನು, ಹೇಗೆ ಆರಿಸಿ ಎಣಿಸಿದರು ಎಂದು ಮೊದಲು ಕೇಳುವುದನ್ನು ಮಾದರಿ ಆಯ್ಕೆಯ ಪಾಠ ಕಲಿಸುತ್ತದೆ.

ಸಹಸಂಬಂಧದ ಪಾಠವೂ ಅಷ್ಟೇ ಮುಖ್ಯ. ಎರಡು ಸಂಗತಿ ಜೊತೆಜೊತೆಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಬೆಳಗಿನ ಬಸ್ಸಿನಲ್ಲಿ ದೂರದಿಂದ ಬರುವ ವಿದ್ಯಾರ್ಥಿಗಳಿಗೆ ಅಂಕ ಕಡಿಮೆ ಬಂತು ಎಂದಾದರೆ ಕಾರಣ ಪ್ರಯಾಣದ ದಣಿವೇ, ಮನೆಯ ಹಣಕಾಸಿನ ಸ್ಥಿತಿಯೇ, ಓದಿದ ಮಾಧ್ಯಮವೇ? ಮೂರನ್ನೂ ಬೇರೆಬೇರೆ ನೋಡುವವರೆಗೆ ತೀರ್ಮಾನ ಹೇಳಬಾರದು.

6. ಅಳತೆಗೋಲು ಮತ್ತು ಅಳೆಯಲ್ಪಡುವವರು

ಬುದ್ಧಿ ಪರೀಕ್ಷೆಗಳ ಇತಿಹಾಸ ಕನ್ನಡ ನೆಲಕ್ಕೆ ಹತ್ತಿರದ್ದು. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಬಹುಕಾಲ ಬಳಕೆಯಲ್ಲಿ ಉಳಿದಿದೆ. ಓದು ಬರಹ ಬಾರದವರಿಗೂ ಹೊಂದುವಂತೆ ಸಿ.ಎಂ. ಭಾಟಿಯಾ 1955ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ಬಣ್ಣದ ಘನಗಳನ್ನು ಜೋಡಿಸುವುದು, ಚಿತ್ರದ ತುಣುಕುಗಳನ್ನು ಸೇರಿಸುವುದು ಮುಂತಾದ ಕೆಲಸಗಳಿವೆ.

ಇಷ್ಟಾದರೂ ಒಂದು ಎಚ್ಚರ ಬೇಕು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ, ಯರವ ಸಮುದಾಯದ ಮಕ್ಕಳಿದ್ದಾರೆ. ಹೆಜ್ಜೆಗುರುತಿನಿಂದ ಪ್ರಾಣಿಯನ್ನೂ ದಾರಿಯನ್ನೂ ತಿಳಿಯುವ ಜಾಣ್ಮೆ ಹಿರಿಯರಿಂದ ಬಂದ ಮಗು, ಗಡಿಯಾರ ಹಿಡಿದು ಕೂತ ಅಪರಿಚಿತರೆದುರು ಘನ ಜೋಡಿಸಲು ನಿಧಾನಿಸಿದರೆ, ಆ ಅಂಕ ಅಳೆದದ್ದು ಏನನ್ನು? ಅವಸರದ ಅಭ್ಯಾಸವನ್ನೇ, ಪರೀಕ್ಷೆಯ ಪರಿಚಯವನ್ನೇ, ಬುದ್ಧಿಯನ್ನೇ? ಯಾವ ಗುಂಪಿನ ಮೇಲೆ ಪರೀಕ್ಷೆಯ ಮಾನಕಗಳನ್ನು ಕಟ್ಟಿದರೋ ಆ ಗುಂಪಿಗೆ ಮಾತ್ರ ಅದರ ಅಂಕಕ್ಕೆ ಅರ್ಥವಿದೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರ ಸಾಮಾಜಿಕ-ಆರ್ಥಿಕ ಮಾಪಕ ಇದಕ್ಕೆ ಇನ್ನೊಂದು ನಿದರ್ಶನ. ವಿದ್ಯೆ, ಉದ್ಯೋಗ, ಆದಾಯ ಎಂಬ ಮೂರು ಅಂಶಗಳ ಮೇಲೆ ನಿಂತ ಈ ಮಾಪಕವನ್ನು ದೇಶದ ಆರೋಗ್ಯ ಸಂಶೋಧನೆಗಳಲ್ಲಿ ಇಂದಿಗೂ ವ್ಯಾಪಕವಾಗಿ ಬಳಸುತ್ತಾರೆ. ಆದರೆ ಅದು ರೂಪುಗೊಂಡದ್ದು ನಗರದ ಕುಟುಂಬಗಳಿಗೆ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪು ಬೆಳೆಗಾರರನ್ನು ‘ತಿಂಗಳ ಆದಾಯ ಎಷ್ಟು?’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಅವರಿಗೆ ದುಡ್ಡು ಬರುವುದು ಹರಾಜು ಮಾರುಕಟ್ಟೆಯಲ್ಲಿ ಬೇಲು ಮಾರಿದಾಗ. ಅದರಲ್ಲಿ ಗೊಬ್ಬರ, ಸೌದೆ, ಆಳು, ಸಾಲ ಕಳೆಯಬೇಕು. ಗ್ರಾಮೀಣ ಕುಟುಂಬಗಳಿಗಾಗಿ ಉದಯ್ ಪಾರೀಕ್ ಮತ್ತು ತ್ರಿವೇದಿ 1964ರಲ್ಲಿ ರೂಪಿಸಿದ ಮಾಪಕ ಭೂಮಿ, ಮನೆ, ಕೃಷಿ ಉಪಕರಣಗಳಂಥ ಅಂಶಗಳನ್ನು ಪರಿಗಣಿಸುತ್ತದೆ. ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಕವೂ ಪಠ್ಯದ ಭಾಗವೇ.

ಅಳೆಯುವವರಿಗೆ ನೀತಿಯ ಕಟ್ಟುಪಾಡೂ ಇದೆ. ಪ್ರಯೋಗಕ್ಕೆ ಒಳಪಡುವವರ ಒಪ್ಪಿಗೆ ಪಡೆಯಬೇಕು, ಬೇಡವೆಂದಾಗ ನಿಲ್ಲಿಸಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು. ರೆಕಾರ್ಡ್ ತುಂಬಿಸುವ ಸಲುವಾಗಿ ನೆರೆಮನೆಯ ಮಗುವಿಗೆ ಪರೀಕ್ಷೆ ಕೊಟ್ಟು ‘ಇವನ ಐಕ್ಯೂ ಇಷ್ಟೇ’ ಎಂದು ಊರಲ್ಲಿ ಹೇಳುವುದು ದೊಡ್ಡ ಅಪರಾಧ. ಒಂದು ಸಂಖ್ಯೆ ಮಗುವಿನ ಹಣೆಪಟ್ಟಿಯಾಗಿ ಜೀವನಪೂರ್ತಿ ಉಳಿದುಬಿಡಬಹುದು.

7. ಊರಿನ ಕಸುಬು, ಊರಿನ ಪಾಠ

ಕೆಲವು ಅಧ್ಯಾಯಗಳಿಗೆ ಈ ಭಾಗದ ಕಸುಬೇ ಉದಾಹರಣೆ. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಕೊಠಡಿಯಲ್ಲಿ ಹದ ಮಾಡುವಾಗ ಐದಾರು ದಿನ ಹಗಲೂ ರಾತ್ರಿ ಶಾಖವನ್ನು ಕಾಯ್ದುಕೊಳ್ಳಬೇಕು. ಸೌದೆ ಒಟ್ಟುವವರು ತುಂಡು ತುಂಡಾಗಿ ನಿದ್ದೆ ಮಾಡುತ್ತಾರೆ. ನಿದ್ದೆಗೆಟ್ಟಾಗ ಅವಧಾನ ಕದಲುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ, ಸಿಟ್ಟು ಬೇಗ ಬರುತ್ತದೆ ಎಂಬ ಪುಸ್ತಕದ ಮಾತಿಗೆ ಬ್ಯಾರನ್ ಪಕ್ಕದ ರಾತ್ರಿ ಸಾಕ್ಷಿ. ಒದ್ದೆ ಎಲೆ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುವುದುಂಟು. ನರಕೋಶಗಳ ಮೇಲೆ ನಿಕೋಟಿನ್ ಹೇಗೆ ಕೆಲಸ ಮಾಡುತ್ತದೆ, ಚಟ ಹೇಗೆ ಬೇರೂರುತ್ತದೆ ಎಂಬ ಪಾಠವನ್ನು ಅದನ್ನು ಬೆಳೆಯುವ ಮನೆಯ ಮಕ್ಕಳು ಓದುವಾಗ ಅದರ ತೂಕವೇ ಬೇರೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿಯ ವಿಹಾರಗಳಲ್ಲಿ ಮನಸ್ಸಿನ ಬಗೆಗಿನ ತರ್ಕವೂ ಧ್ಯಾನವೂ ದಿನನಿತ್ಯದ ಶಿಕ್ಷಣ. ದಲೈ ಲಾಮಾ ಮತ್ತು ವಿಜ್ಞಾನಿಗಳ ನಡುವೆ 1987ರಲ್ಲಿ ಆರಂಭವಾದ ಸಂವಾದಗಳ ನಂತರ ಧ್ಯಾನವನ್ನು ಪ್ರಯೋಗಶಾಲೆಯಲ್ಲಿ ಅಭ್ಯಾಸ ಮಾಡುವ ಕೆಲಸ ವೇಗ ಪಡೆಯಿತು. ಅವಧಾನದ ಅಧ್ಯಾಯ ಓದುವವರಿಗೆ ಒಂದು ಕಡೆ ಕನ್ನಡದ ಅಷ್ಟಾವಧಾನ, ಇನ್ನೊಂದು ಕಡೆ ಬೈಲಕುಪ್ಪೆಯ ಧ್ಯಾನ ಎರಡೂ ಕೈಗೆಟಕುವ ದೂರದಲ್ಲಿವೆ.

8. ಅಸ್ವಾಸ್ಥ್ಯ ಮತ್ತು ನೆರವು

ಅಪಸಾಮಾನ್ಯ ಮನೋವಿಜ್ಞಾನದ ಪತ್ರಿಕೆಯಲ್ಲಿ ಆತಂಕ, ಖಿನ್ನತೆ, ಸ್ಕಿಜೋಫ್ರೀನಿಯಾ, ವ್ಯಸನ ಮೊದಲಾದವುಗಳ ಲಕ್ಷಣ ಮತ್ತು ಕಾರಣಗಳನ್ನು ಓದುತ್ತಾರೆ. ಊರಿನಲ್ಲಿ ಇವಕ್ಕೆ ಬೇರೆ ಮಾತುಗಳಿವೆ: ಗಾಳಿ ಸೋಕಿದೆ, ಮಂಕು ಕವಿದಿದೆ, ಯಾರೋ ಮಾಡಿಸಿದ್ದಾರೆ. ಆ ಮಾತನ್ನು ತಳ್ಳಿಹಾಕಿದರೆ ಮನೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅದನ್ನು ಕೇಳಿಸಿಕೊಂಡು, ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ದಾರಿ ತೆರೆಯುತ್ತದೆ. ಸಮಾಲೋಚನೆಯ ಪತ್ರಿಕೆ ಕಲಿಸುವ ಮೊದಲ ಕೌಶಲ ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳುವುದು.

ಕನ್ನಡದಲ್ಲಿ ಈ ತಿಳಿವಳಿಕೆ ಹರಡಿದ ಲೇಖಕರ ಪರಂಪರೆಯೇ ಇದೆ. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದಿದ್ದಾರೆ.

ಸಹಾಯ ಎಲ್ಲಿ ಸಿಗುತ್ತದೆ ಎಂಬುದನ್ನೂ ವಿದ್ಯಾರ್ಥಿ ತಿಳಿದಿರಬೇಕು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಹೇಳಿದೆ.

9. ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ವಿಷಯದಲ್ಲಿ ಎರಡು ಹೊರೆ. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕಲಿಯಬೇಕು. ಪ್ರಯೋಗಶಾಲೆಯಲ್ಲೂ ಭಾಷೆ ಅಡ್ಡ ಬರುತ್ತದೆ. ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಸ್ಮೃತಿ ಪ್ರಯೋಗದಲ್ಲಿ ಬಳಸಿದ್ದು ಅರ್ಥವಿಲ್ಲದ ಪದಾಂಶಗಳನ್ನು: ವ್ಯಂಜನ, ಸ್ವರ, ವ್ಯಂಜನ. ‘ಝುಕ್’, ‘ಬಫ್’ ಇಂಥವು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಅರ್ಧಾಕ್ಷರದಲ್ಲಿ ನಿಲ್ಲುವ ಪಟ್ಟಿಯನ್ನು ಬಾಯಿಪಾಠ ಮಾಡುವ ಕನ್ನಡದ ನಾಲಿಗೆಗೆ ಅರ್ಥವಿಲ್ಲದ ಕಷ್ಟದ ಜೊತೆ ಅಪರಿಚಿತ ಉಚ್ಚಾರಣೆಯ ಕಷ್ಟವೂ ಸೇರುತ್ತದೆ. ಆಗ ಅಳೆದದ್ದು ಸ್ಮೃತಿಯನ್ನು ಮಾತ್ರವಲ್ಲ. ‘ಠಮಿ’, ‘ಝೂಪ’, ‘ಫಣು’ ಎಂಬಂಥ ಎರಡಕ್ಷರದ ಪಟ್ಟಿ ಮಾಡಿ, ಅದರಲ್ಲಿ ಯಾವುದಕ್ಕೂ ಊರಿನ ಆಡುಮಾತಿನಲ್ಲಿ ಅರ್ಥವಿಲ್ಲವೆಂದು ಖಚಿತ ಮಾಡಿಕೊಂಡು ಪ್ರಯೋಗ ನಡೆಸುವ ತರಗತಿ ಸ್ಮೃತಿಯ ಜೊತೆಗೆ ಪರೀಕ್ಷಾ ಸಾಮಗ್ರಿ ಕಟ್ಟುವ ವಿದ್ಯೆಯನ್ನೂ ಕಲಿಯುತ್ತದೆ.

10. ಪದವಿಯ ನಂತರ

ಪದವಿ ಮುಗಿಸಿದ ಮಾತ್ರಕ್ಕೆ ಯಾರೂ ಮನೋಚಿಕಿತ್ಸಕರಾಗುವುದಿಲ್ಲ. ಮನೋವೈದ್ಯರಾಗಲು ಎಂಬಿಬಿಎಸ್ ಓದಿ, ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕು. ಚಿಕಿತ್ಸಾ ಮನೋವಿಜ್ಞಾನಿಯಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸುವುದನ್ನು 2025ರ ಶೈಕ್ಷಣಿಕ ಅವಧಿಯಿಂದ ಯುಜಿಸಿ ನಿಲ್ಲಿಸಿದೆ. ಹಾಗಾಗಿ ಹಳ್ಳಿಯಲ್ಲೇ ಇದ್ದು ಮುಂದೆ ಓದಬೇಕೆನ್ನುವವರು ತರಗತಿಗೆ ಹೋಗಿ ಓದುವ ದಾರಿಯನ್ನೇ ಯೋಜಿಸಿಕೊಳ್ಳಬೇಕು.

ಮುಂದಿನ ಓದಿಗೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ವಿಭಾಗವಿದೆ. ಮಾತು ಮತ್ತು ಶ್ರವಣದ ತೊಂದರೆ ಇರುವವರಿಗಾಗಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೋವಿಜ್ಞಾನಿಗಳು ಕೆಲಸ ಮಾಡುತ್ತಾರೆ. ಸಮಾಜಕಾರ್ಯ, ಶಿಕ್ಷಣ, ಮಾನವ ಸಂಪನ್ಮೂಲ ವಿಭಾಗಗಳಿಗೂ ಈ ಪದವಿ ಒಳ್ಳೆಯ ಬುನಾದಿ.

ಈ ದಾರಿಗಳಲ್ಲಿ ಯಾವುದನ್ನೂ ಹಿಡಿಯದೆ ಊರಿಗೆ ಮರಳುವವರೂ ಬಹಳ ಮಂದಿ. ಅವರು ಶಿಕ್ಷಕಿಯಾಗಬಹುದು, ಅಂಗನವಾಡಿ ಕಾರ್ಯಕರ್ತೆಯಾಗಬಹುದು, ಪಂಚಾಯಿತಿ ಸದಸ್ಯರಾಗಬಹುದು, ಹೊಲ ನೋಡಿಕೊಳ್ಳಬಹುದು. ಮಗು ದಡ್ಡ ಎಂದಾಗ ಯಾವ ಅಳತೆಯಿಂದ ಎಂದು ಕೇಳುವುದು, ಒಂದು ಸಂಖ್ಯೆ ಕಂಡಾಗ ಯಾರನ್ನು ಎಣಿಸಿದ್ದು ಎಂದು ವಿಚಾರಿಸುವುದು, ಇದರಿಂದಲೇ ಅದಾಯಿತು ಎಂದಾಗ ಹೋಲಿಕೆಗೆ ಏನಿದೆ ಎಂದು ನೋಡುವುದು, ನೊಂದವರ ಮಾತನ್ನು ಮೊದಲು ಪೂರ್ತಿ ಕೇಳುವುದು ಈ ನಾಲ್ಕು ಅಭ್ಯಾಸಗಳು ಅವರ ಜೊತೆ ಊರಿಗೆ ಬಂದರೆ ಮೂರು ವರ್ಷದ ಪಠ್ಯ ತನ್ನ ಕೆಲಸ ಮಾಡಿದೆ.